ಕಲಿಯುವವನ ಬಿಲ್ಲು: ಕರ್ನಾಟಕದ ಧನುರ್ವಿದ್ಯೆಯ ಚರಿತ್ರೆಯಲ್ಲಿ ಒಂದು ಅಲಕ್ಷಿತ ವಸ್ತು

೧

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿಯನ್ನು ಸೇರುವ ಮುನ್ನ ಚಿಕ್ಕಜಾಲ ಎಂಬ ಊರು ಸಿಕ್ಕುತ್ತದೆ. ೨೦೦೮ರಲ್ಲಿ ವಿಮಾನನಿಲ್ದಾಣವು ತೆರೆದ ಮೇಲೆ ಈ ದಾರಿಯಲ್ಲಿ ಹಗಲಿರುಳೂ ವಾಹನಗಳು ಓಡಾಡುತ್ತಿವೆ. ಆದರೆ ಚಿಕ್ಕಜಾಲದ ಹೆಸರು ಚರಿತ್ರೆಯ ವಿದ್ಯಾರ್ಥಿಗಳಿಗೆ ಬೇರೊಂದು ಕಾರಣದಿಂದ ಪರಿಚಿತವಾದುದು. ಇಲ್ಲಿನ ಪ್ರಾಗೈತಿಹಾಸಿಕ ನೆಲೆಯು ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಥಳಗಳ ಪಟ್ಟಿಯಲ್ಲಿ ಸೇರಿದೆ. ದಕ್ಷಿಣ ಭಾರತದ ಕಬ್ಬಿಣಯುಗದ ಜನರು ಬೃಹತ್ ಶಿಲೆಗಳಿಂದ ಕಟ್ಟಿದ ಇಂತಹ ಸಮಾಧಿಗಳನ್ನು ನಮ್ಮ ಹಳ್ಳಿಗರು ಹಲವೆಡೆ ಪಾಂಡವರ ಗುಡಿಗಳೆಂದು ಕರೆಯುವುದುಂಟು. ಬಿಲ್ಲುಗಾರರಲ್ಲಿ ಅಗ್ರಗಣ್ಯನಾದ ಅರ್ಜುನನ ಮನೆತನಕ್ಕೆ ಜನಮನಸ್ಸು ಈ ಕಲ್ಲುಗಳನ್ನು ಒಪ್ಪಿಸಿರುವುದು ಸ್ವಾರಸ್ಯವಾದ ಸಂಗತಿ.

ಇಂತಹ ನೆಲೆಗಳ ಅಗೆತದಲ್ಲಿ ಕಬ್ಬಿಣದ ಬಾಣದ ಅಲಗುಗಳು ದೊರೆಯುವುದು ಅಪರೂಪವಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗವು ಕಬ್ಬಿಣಯುಗಕ್ಕೆ ತಿರುಗುವ ಸ್ತರದಲ್ಲಿಯೇ, ಎಂದರೆ ಕ್ರಿಸ್ತಪೂರ್ವ ಸುಮಾರು ೧೦೦೦ದ ಹೊತ್ತಿಗೆ, ಅಂತಹ ಅಲಗುಗಳು ಕಂಡುಬಂದಿವೆ. ಬಾಣದ ಅಲಗು ಇದ್ದಲ್ಲಿ ಬಿಲ್ಲು ಇದ್ದಿರಲೇಬೇಕು. ಆದರೆ ಬಿಲ್ಲು ಮಾತ್ರ ಎಲ್ಲಿಯೂ ಉಳಿದಿಲ್ಲ. ಮರವನ್ನೂ ಬಿದಿರನ್ನೂ ನಮ್ಮ ನೆಲದ ಗೆದ್ದಲು ಬಿಡುವುದಿಲ್ಲ, ನಮ್ಮ ಮಳೆ ಬಿಡುವುದಿಲ್ಲ. ಆದುದರಿಂದ ನಮ್ಮ ನಾಡಿನ ಧನುರ್ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಕಬ್ಬಿಣದ ತುದಿಯನ್ನು ಕಂಡು ಮರದ ಕಾಯವನ್ನು ಊಹಿಸಬೇಕಾಗಿದೆ.

ಕಾಣದೆ ಹೋದ ಈ ಬಿಲ್ಲುಗಳಲ್ಲಿಯೂ ಒಂದು ವರ್ಗವು ಎರಡು ಬಾರಿ ಮರೆಯಾದುದು. ವೀರನ ಬಿಲ್ಲನ್ನು ಕವಿಗಳು ಹೊಗಳಿದರು, ಶಿಲ್ಪಿಗಳು ಕಲ್ಲಿನಲ್ಲಿ ಕೆತ್ತಿದರು. ಆದರೆ ಆ ವೀರನು ಬಾಲಕನಾಗಿದ್ದಾಗ ಮೊದಲ ದಿನ ಅವನ ಕೈಗೆ ಕೊಟ್ಟ ಬಿಲ್ಲನ್ನು ಹೊಗಳಿದವರೂ ಇಲ್ಲ, ಕೆತ್ತಿದವರೂ ಇಲ್ಲ. ಪ್ರಸ್ತುತ ಲೇಖನದಲ್ಲಿ ನಾವು ಈ ಕಲಿಯುವವನ ಬಿಲ್ಲನ್ನು ಕುರಿತು ವಿಚಾರಮಾಡಬಯಸುತ್ತೇವೆ. ಒಂದು ನಾಡಿನ ಬಿಲ್ಲಾಳುಗಳ ಬಲವು ಅವರ ದೊಡ್ಡ ಬಿಲ್ಲಿನಿಂದ ಹುಟ್ಟಿದುದಲ್ಲ, ಮೆಲ್ಲಮೆಲ್ಲನೆ ಬಲವೇರುವ ಕಲಿಕೆಯ ಬಿಲ್ಲುಗಳ ಸಾಲಿನಿಂದ ಹುಟ್ಟಿದುದು ಎಂಬುದು ನಮ್ಮ ಪ್ರತಿಪಾದನೆ. ಹದಿನೈದನೆಯ ಶತಮಾನದ ವಿಜಯನಗರದ ಒಂದು ಪ್ರಸಿದ್ಧ ಪ್ರಸಂಗವನ್ನು ಈ ದೃಷ್ಟಿಯಿಂದ ನೋಡಿದಾಗ ಅದಕ್ಕೆ ಹೊಸ ಅರ್ಥ ಬರುತ್ತದೆಂದು ನಾವು ತಿಳಿಯುತ್ತೇವೆ.

೨

ಮೊದಲು ಬಿಲ್ಲಿನ ದ್ರವ್ಯವನ್ನೂ ಅಳತೆಯನ್ನೂ ನೋಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರಾಧ್ಯಕ್ಷನ ಪ್ರಕರಣದಲ್ಲಿ ತಾಳೆಮರದ ಬಿಲ್ಲು, ಬಿದಿರಿನ ಬಿಲ್ಲು, ಮರದ ಬಿಲ್ಲು, ಕೊಂಬಿನ ಬಿಲ್ಲು ಎಂದು ನಾಲ್ಕು ಬಗೆಗಳನ್ನು ಹೇಳಿದೆ. ಹೆದೆಗಾಗಿ ಮೂರ್ವೆ, ಎಕ್ಕ, ಸೆಣಬು ಮೊದಲಾದ ನಾರುಗಳನ್ನೂ ಪ್ರಾಣಿಗಳ ಸ್ನಾಯುವನ್ನೂ ವಿಧಿಸಿದೆ. ಅಗ್ನಿಪುರಾಣದ ಧನುರ್ವೇದ ಭಾಗವು ನಾಲ್ಕು ಹಸ್ತದ ಬಿಲ್ಲನ್ನು ಉತ್ತಮವೆಂದೂ ಮೂರೂವರೆ ಹಸ್ತದ್ದನ್ನು ಮಧ್ಯಮವೆಂದೂ ಮೂರು ಹಸ್ತದ್ದನ್ನು ಕನಿಷ್ಠವೆಂದೂ ಎಣಿಸುತ್ತದೆ. ಹಸ್ತಕ್ಕೆ ೨೪ ಅಂಗುಲವಾದುದರಿಂದ ಉತ್ತಮವಾದ ಬಿಲ್ಲು ೯೬ ಅಂಗುಲ. ಒಂದು ಅಂಗುಲವನ್ನು ಮುಕ್ಕಾಲು ಇಂಚಿನಂತೆ ಲೆಕ್ಕಹಾಕಿದರೆ ಇದು ೭೨ ಇಂಚು, ಎಂದರೆ ಆರು ಅಡಿ. ಮಧ್ಯಮವು ೬೩ ಇಂಚು. ಕನಿಷ್ಠವು ೫೪ ಇಂಚು. ಈ ೯೬ ಅಂಗುಲದ ಮಾನಕ್ಕೆ ‘ಧನುಸ್ಸು’ ಎಂಬುದೇ ಹೆಸರಾಗಿ ನೆಲವನ್ನಳೆಯುವ ಕೋಲಿಗೂ ಅದು ಸಂದಿತು ಎಂಬುದು ಗಮನಾರ್ಹ. ಬಿಲ್ಲಿನ ಉದ್ದವು ಎಲ್ಲರಿಗೂ ತಿಳಿದ ಅಳತೆಯಾಗಿಲ್ಲದಿದ್ದರೆ ಹೀಗಾಗುತ್ತಿರಲಿಲ್ಲ.

ಪರದೇಶೀಯರ ಸಾಕ್ಷ್ಯವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಅಲೆಕ್ಸಾಂಡರನ ನೌಕಾಧಿಪತಿಯಾದ ನಿಯಾರ್ಕಸನ ಮಾತನ್ನು ಆಧರಿಸಿ ಆರಿಯನ್ ಎಂಬ ಗ್ರಂಥಕರ್ತನು ಭಾರತೀಯ ಕಾಲಾಳುಗಳ ಬಿಲ್ಲನ್ನು ವರ್ಣಿಸಿದ್ದಾನೆ. ಅದು ಹಿಡಿದವನಷ್ಟೇ ಎತ್ತರ. ಅದರ ಕೆಳತುದಿಯನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಹೆದೆಯನ್ನು ಬಹುದೂರ ಹಿಂದಕ್ಕೆ ಸೆಳೆಯುತ್ತಾರೆ. ಬಾಣವು ಮೂರು ಮೊಳಕ್ಕೆ ತುಸು ಕಡಮೆ. ಇದು ನಿಂತು ಹೊಡೆಯುವವನ ನೀಳವಾದ ಬಿಲ್ಲು, ಕುದುರೆಯ ಮೇಲಿನ ಬಿಲ್ಲಲ್ಲ ಎಂಬುದು ಸ್ಪಷ್ಟ.

ಕರ್ನಾಟಕದಲ್ಲಿ ಈ ವಿದ್ಯೆಯ ಬಳಕೆ ಧಾರಾಳವಾಗಿತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಿರಾತಾರ್ಜುನರು, ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಬೇಟೆಗಾತಿ, ಹಳೇಬೀಡಿನ ಭಾರತಯುದ್ಧದ ಪಟ್ಟಿಕೆಗಳು, ಎಲ್ಲವೂ ಬಿಲ್ಲನ್ನು ಕಂಡರಿತ ಶಿಲ್ಪಿಗಳ ಕೆಲಸ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವು ಶಸ್ತ್ರವಿನೋದವನ್ನು ಅರಸನ ವಿನೋದಗಳಲ್ಲಿ ಒಂದಾಗಿ ವಿವರಿಸುತ್ತದೆ. ಭಾಷೆಯ ಸಾಕ್ಷ್ಯವೂ ಉಂಟು. ಬಿಲ್ಲು, ಹೆದೆ, ಕೊಪ್ಪು, ಅಂಬು, ಕಣೆ, ಸರಳು, ಬತ್ತಳಿಕೆ ಮುಂತಾಗಿ ಈ ವಿದ್ಯೆಯ ಶಬ್ದಸಂಪತ್ತು ಕನ್ನಡದಲ್ಲಿ ತುಂಬಿದೆ. ಬಿಲ್ಲನ್ನು ಕಲಿಸುವ ಗುರುವಿಗೆ ‘ಬಿಲ್ಲೋಜ’ ಎಂಬ ಪ್ರತ್ಯೇಕ ಹೆಸರೇ ಇದೆ. ಕಲಿಸುವವನಿಗೆ ಹೆಸರಿದ್ದ ಮೇಲೆ ಕಲಿಯುವುದಕ್ಕೊಂದು ಕ್ರಮವೂ ಇದ್ದಿರಬೇಕಷ್ಟೆ.

೩

ಬಿಲ್ಲುಗಳಲ್ಲಿ ಒಂದೇ ದ್ರವ್ಯದವು, ಹಲವು ಪದರಗಳವು ಎಂದು ಎರಡು ಜಾತಿ. ಇವುಗಳ ಭೇದವನ್ನು ತಿಳಿಯದೆ ಮುಂದಿನ ಇತಿಹಾಸವು ಅರ್ಥವಾಗುವುದಿಲ್ಲವಾದುದರಿಂದ ಇಲ್ಲಿ ಸ್ವಲ್ಪ ಯಂತ್ರಶಾಸ್ತ್ರದ ವಿಷಯವನ್ನು ಹೇಳಬೇಕಾಗಿದೆ.

ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಅದರ ಬೆನ್ನು ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ನಡುವೆ ಹಿಗ್ಗದೆ ಕುಗ್ಗದೆ ಇರುವ ಒಂದು ಪದರವುಂಟು. ಆದರೆ ಮೇಲಿನ ಪದರವು ಕೆಳಗಿನ ಪದರದ ಮೇಲೆ ಜಾರಲು ಯತ್ನಿಸುವ ಒತ್ತಡವು ಅಲ್ಲಿಯೇ ಅಧಿಕ. ಪಟ್ಟಿಯ ಬಿಗುವು ಅದರ ಅಗಲಕ್ಕೆ ಅನುಗುಣವಾಗಿ ಹೆಚ್ಚಿದರೆ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಗಲವನ್ನು ಇಮ್ಮಡಿಸಿದರೆ ಬಿಗುವು ಇಮ್ಮಡಿಯಾಗುತ್ತದೆ. ದಪ್ಪವನ್ನು ಇಮ್ಮಡಿಸಿದರೆ ಎಂಟು ಪಟ್ಟಾಗುತ್ತದೆ. ದಪ್ಪವು ಹತ್ತರಲ್ಲಿ ಒಂದು ಪಾಲು ಮಾತ್ರ ಹೆಚ್ಚಿದರೂ ಬಿಗುವು ಮೂರರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಬಿಲ್ಲು ಮಾಡುವವನ ಕಷ್ಟವೆಲ್ಲ ಈ ಒಂದು ನಿಯಮದಲ್ಲಿ ಅಡಗಿದೆ. ಉಗುರಿನಷ್ಟು ಮರವನ್ನು ಹೆಚ್ಚಾಗಿ ಬಿಟ್ಟರೆ ಬಿಲ್ಲು ಮಣಿಯದು. ಅಷ್ಟನ್ನೇ ಹೆಚ್ಚಾಗಿ ಕೆತ್ತಿದರೆ ಅದು ಸೋಲುತ್ತದೆ.

ಈಗ ಒಂದೇ ದಪ್ಪದ ಎರಡು ತೆಳುಪಟ್ಟಿಗಳನ್ನು ಅಂಟಿಸದೆ ಒಂದರ ಮೇಲೊಂದಿಟ್ಟು ಬಗ್ಗಿಸಿದರೆ ಅವು ಪರಸ್ಪರ ಜಾರುತ್ತವೆ. ಅವೆರಡನ್ನೂ ಚೆನ್ನಾಗಿ ಅಂಟಿಸಿದರೆ ಬಿಗುವು ನಾಲ್ಕು ಪಟ್ಟಾಗುತ್ತದೆ. ಪದರಬಿಲ್ಲಿನ ಪ್ರಾಣವು ಅಂಟಿನಲ್ಲಿದೆ ಎಂದು ಹೇಳುವುದು ಈ ಕಾರಣದಿಂದಲೇ. ಅಂಟು ಗಟ್ಟಿಯಾಗಿದ್ದರೆ ಹಿಗ್ಗುವುದರಲ್ಲಿ ಸಮರ್ಥವಾದ ದ್ರವ್ಯವನ್ನು ಬೆನ್ನಿಗೂ ಕುಗ್ಗುವುದರಲ್ಲಿ ಸಮರ್ಥವಾದುದನ್ನು ಹೊಟ್ಟೆಗೂ ಇಟ್ಟು ಒಂದೇ ಮರದಲ್ಲಿ ದೊರೆಯದ ಗುಣಗಳನ್ನು ಕೂಡಿಸಬಹುದು. ಮಧ್ಯ ಏಷ್ಯ, ತುರ್ಕಿ, ಇರಾನುಗಳ ಬಿಲ್ಲುಗಾರರು ನಡುವೆ ಮರ, ಬೆನ್ನಿಗೆ ಸ್ನಾಯುವಿನ ನಾರು, ಹೊಟ್ಟೆಗೆ ಕೊಂಬು ಇಟ್ಟು ಗಿಡ್ಡವಾದರೂ ಬಹು ಬಲಿಷ್ಠವಾದ ಬಿಲ್ಲನ್ನು ಕಟ್ಟಿದರು. ಜಪಾನಿನಲ್ಲಿ ಸುಮಾರು ೧೨ನೆಯ ಶತಮಾನದ ಹೊತ್ತಿಗೆ ಮರದ ಎರಡು ಪಕ್ಕಗಳಿಗೂ ಬಿದಿರನ್ನು ಅಂಟಿಸಿ ಏಳು ಅಡಿಗೂ ಮಿಗಿಲಾದ ಬಿಲ್ಲನ್ನು ಮಾಡುತ್ತಿದ್ದರು. ಇಂಗ್ಲೆಂಡಿನ ನೀಳಬಿಲ್ಲಿಗೆ ಬಳಸಿದ ಯೂ ಎಂಬ ಮರದಲ್ಲಿ ಈ ಕೂಡುವಿಕೆಯು ಪ್ರಕೃತಿದತ್ತವಾದುದು: ಹೊರಗಿನ ಬಿಳಿಯ ಭಾಗವು ಹಿಗ್ಗಬಲ್ಲುದು, ಒಳಗಿನ ಕೆಂಚುಭಾಗವು ಕುಗ್ಗಬಲ್ಲುದು.

ನಮ್ಮ ದೇಶಕ್ಕೆ ಕೊಂಬಿನ ಬಿಲ್ಲು ಅಪರಿಚಿತವಾದುದೇನೂ ಅಲ್ಲ. ವಿಷ್ಣುವಿನ ಶಾರ್ಙ್ಗವೆಂಬ ಹೆಸರೇ ಶೃಂಗದಿಂದ ಬಂದುದು. ಹಳಗನ್ನಡದಲ್ಲಿ ಬಿಲ್ಲಿಗೆ ಸಲ್ಲುವ ‘ಸಿಂಗಾಡಿ’ ಎಂಬ ಮಾತಿನಲ್ಲಿಯೂ ಶೃಂಗದ ತದ್ಭವವು ಕಾಣುವಂತಿದೆ. ಆದರೆ ಪ್ರಾಣಿಗಳ ತೊಗಲು, ಸ್ನಾಯು, ಮೀನಿನ ಗಾಳಿಚೀಲಗಳಿಂದ ಕಾಯಿಸಿದ ಅಂಟು ತೇವವನ್ನು ಸಹಿಸುವುದಿಲ್ಲ. ಅಂತಹ ಬಿಲ್ಲು ಒಣಗಿ ಹದವಾಗಲು ಎಷ್ಟೋ ತಿಂಗಳುಗಳು ಬೇಕು. ಮುಂಗಾರಿನ ನಾಲ್ಕು ತಿಂಗಳು ಗಾಳಿಯೇ ಒದ್ದೆಯಾಗಿರುವ ನಾಡಿನಲ್ಲಿ ಅದನ್ನು ಕಾಪಾಡುವುದು ಕಷ್ಟಸಾಧ್ಯ. ಬಿದಿರಿನ ಬಿಲ್ಲಾದರೋ ಬೇಕೆಂದಾಗ ಮೆಳೆಯಿಂದ ಕಡಿದು ಮಾಡಬಹುದಾದುದು. ಒಂದು ಮುರಿದರೆ ಇನ್ನೊಂದು. ಬಡವನಿಗೂ ಬೇಡನಿಗೂ ಕಾಲಾಳಿಗೂ ಬಿದಿರು ಏಕೆ ಒಲಿಯಿತೆಂಬುದು ಇದರಿಂದ ತಿಳಿಯುತ್ತದೆ.

೪

ಈ ಹಿನ್ನೆಲೆಯಲ್ಲಿ ಇಮ್ಮಡಿ ದೇವರಾಯನ ಪ್ರಸಂಗವನ್ನು ವಿಚಾರಿಸೋಣ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ೧೭ನೆಯ ಶತಮಾನದ ಆದಿಯಲ್ಲಿ ತನ್ನ ಇತಿಹಾಸವನ್ನು ಬರೆದ ಫೆರಿಸ್ತನು ಇದನ್ನು ನಿರೂಪಿಸಿದ್ದಾನೆ. ಬಹಮನಿ ಸುಲ್ತಾನರೊಡನೆ ನಡೆದ ಯುದ್ಧಗಳಲ್ಲಿ ತನ್ನ ವಿಸ್ತಾರವಾದ ರಾಜ್ಯವು ಮೇಲುಗೈ ಪಡೆಯದಿರುವುದೇಕೆಂದು ದೇವರಾಯನು ಸಭೆಯನ್ನು ಕರೆದು ಕೇಳಿದನಂತೆ. ಕೆಲವರು ಅದು ದೈವಸಂಕಲ್ಪವೆಂದರು. ಬೇರೆಯವರು ಶತ್ರುವಿನ ಕುದುರೆಗಳು ಬಲಿಷ್ಠವೆಂದೂ ಅವನಲ್ಲಿ ನುರಿತ ಬಿಲ್ಲುಗಾರರ ದೊಡ್ಡ ಪಡೆಯಿದೆಯೆಂದೂ ಎರಡು ಕಾರಣಗಳನ್ನು ಕೊಟ್ಟರು. ಅರಸನು ಎರಡನೆಯ ಪಕ್ಷದ ಮಾತನ್ನು ಅಂಗೀಕರಿಸಿ ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿಕೊಂಡು ಅವರಿಗೆ ಉಂಬಳಿಗಳನ್ನು ಕೊಟ್ಟನು, ರಾಜಧಾನಿಯಲ್ಲಿ ಮಸೀದಿಯನ್ನು ಕಟ್ಟಿಸಿದನು, ಅವರ ಧರ್ಮಾಚರಣೆಗೆ ಯಾರೂ ಅಡ್ಡಿಮಾಡಬಾರದೆಂದು ಆಜ್ಞಾಪಿಸಿದನು, ಸಿಂಹಾಸನದ ಮುಂದೆ ಪೀಠದ ಮೇಲೆ ಕುರಾನನ್ನು ಇಡಿಸಿದನು. ಅಲ್ಲದೆ ತನ್ನ ಹಿಂದೂ ಸೈನಿಕರಿಗೆ ಬಿಲ್ವಿದ್ಯೆಯನ್ನು ಕಲಿಸಬೇಕೆಂದು ಕಟ್ಟುಮಾಡಿದನು. ಇದರ ಫಲವಾಗಿ ೨,೦೦೦ ಮುಸಲ್ಮಾನ ಬಿಲ್ಲುಗಾರರೂ ೬೦,೦೦೦ ಹಿಂದೂ ಬಿಲ್ಲುಗಾರರೂ ಸಿದ್ಧರಾದರೆಂದು ಫೆರಿಸ್ತನ ಹೇಳಿಕೆ.

ಘಟನೆಯಾದ ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲದ ಮೇಲೆ ಎದುರುಪಕ್ಷದ ನಾಡಿನಲ್ಲಿ ಕುಳಿತು ಬರೆದವನ ಅಂಕೆಗಳನ್ನು ನಾವು ಹಾಗೆಯೇ ಒಪ್ಪಬೇಕಾಗಿಲ್ಲ. ಆದರೆ ಕಥೆಯ ಮೂಲಾಂಶಕ್ಕೆ ಸ್ವತಂತ್ರವಾದ ಸಾಕ್ಷ್ಯವಿದೆ. ಹಂಪೆಯಲ್ಲಿ ಅಹಮದ್ ಖಾನನೆಂಬ ಅಧಿಕಾರಿಯು ೧೪೩೯ರಲ್ಲಿ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿಯು ಇಂದಿಗೂ ನಿಂತಿದೆ. ಅದರ ಕನ್ನಡ ಶಾಸನವು ಆ ಕಟ್ಟಡವನ್ನು ಧರ್ಮಸಾಲೆ ಎಂದು ಕರೆದಿದೆ. ದೇವರಾಯನ ಸೇವೆಯಲ್ಲಿ ಮುಸಲ್ಮಾನ ಯೋಧರು ಗೌರವದಿಂದಿದ್ದರೆಂಬುದು ಇದರಿಂದ ನಿರ್ವಿವಾದ.

ಈ ಪ್ರಸಂಗವನ್ನು ಇದುವರೆಗೆ ಬಹುಮಟ್ಟಿಗೆ ಧಾರ್ಮಿಕ ಔದಾರ್ಯದ ನಿದರ್ಶನವೆಂದಾಗಲಿ ಸೈನ್ಯಸುಧಾರಣೆಯೆಂದಾಗಲಿ ಉದಾಹರಿಸುತ್ತ ಬಂದಿದ್ದಾರೆ. ಅದು ಸರಿಯೇ. ಆದರೆ ಒಂದು ಪ್ರಶ್ನೆಯು ಉಳಿಯುತ್ತದೆ. ಬೇಲೂರಿನ ಬೇಟೆಗಾತಿಯನ್ನೂ ಮಾನಸೋಲ್ಲಾಸವನ್ನೂ ಬಿಲ್ಲೋಜರನ್ನೂ ಕಂಡಿದ್ದ ನಾಡಿನಲ್ಲಿ ಬಿಲ್ಲನ್ನು ಹೊಸದಾಗಿ ಕಲಿಯಬೇಕಾದುದೇಕೆ? ನಾಡಿನಲ್ಲಿ ಬಿಲ್ಲು ಇರಲಿಲ್ಲವೆಂದು ಹೇಳುವಂತಿಲ್ಲ. ಇಲ್ಲದಿದ್ದುದು ಬೇರೊಂದು ಬಗೆಯ ಬಿಲ್ಲು, ಅದರ ಕಲಿಕೆಯ ಕ್ರಮ ಎಂದು ಊಹಿಸುವುದು ಯುಕ್ತವಾಗಿ ತೋರುತ್ತದೆ. ಸಭೆಯ ಉತ್ತರದಲ್ಲಿ ಕುದುರೆಯೂ ಬಿಲ್ಲೂ ಜೊತೆಯಾಗಿ ಬಂದಿರುವುದು ಗಮನಾರ್ಹ. ಆರು ಅಡಿಯ ಬಿದಿರ ಬಿಲ್ಲನ್ನು ಕುದುರೆಯ ಕತ್ತಿನ ಎಡಕ್ಕೂ ಬಲಕ್ಕೂ ತಿರುಗಿಸುವುದು ಸುಲಭವಲ್ಲ. ನಾಲ್ಕು ಅಡಿಯ ಕೊಂಬಿನ ಪದರಬಿಲ್ಲಾದರೆ ಸವಾರನ ಕೈಯಲ್ಲಿ ಸಲೀಸಾಗಿ ಆಡುತ್ತದೆ. ಹೆಬ್ಬೆರಳಿಗೆ ಉಂಗುರವನ್ನು ತೊಟ್ಟು ಹೆದೆಯನ್ನು ಸೆಳೆಯುವ ಅದರ ರೀತಿಯೂ ಬಹು ದಿನದ ಅಭ್ಯಾಸವನ್ನು ಬೇಡುವುದು. ನುರಿತ ಕಾಲಾಳು ಬಿಲ್ಲುಗಾರನೂ ಈ ಹೊಸ ಬಿಲ್ಲಿನ ಮುಂದೆ ಮತ್ತೆ ಹೊಸಬನೇ.

ಹೀಗಿರಲಾಗಿ ೬೦,೦೦೦ ಎಂಬ ಸಂಖ್ಯೆಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೂ ಆರು ಸಾವಿರ ಕಲಿಯುವವರಾದರು. ಇವರ ಕೈಗೆ ಮೊದಲ ದಿನವೇ ಯುದ್ಧದ ಬಿಲ್ಲನ್ನು ಕೊಡುವುದು ಶಕ್ಯವಿರಲಿಲ್ಲ. ಹಾಗಾದರೆ ಅವರಿಗಾಗಿ ಮೆತ್ತನೆಯ ಬಿಲ್ಲುಗಳು ಸಾವಿರಗಟ್ಟಲೆ ತಯಾರಾಗಿರಬೇಕು. ಅವನ್ನು ಕಟ್ಟುವ ಬಡಗಿಗಳೂ ಅಂಟನ್ನು ಕಾಯಿಸುವವರೂ ಕೊಂಬನ್ನು ಸೀಳುವವರೂ ದುಡಿದಿರಬೇಕು. ಚರಿತ್ರಕಾರನು ಉಂಬಳಿಯನ್ನೂ ಮಸೀದಿಯನ್ನೂ ಹೇಳಿದನೇ ಹೊರತು ಈ ಬಡಗಿಗಳನ್ನು ಹೇಳಲಿಲ್ಲ. ೧೪೪೩ರಲ್ಲಿ ದೇವರಾಯನು ಬಹಮನಿಗಳ ಮೇಲೆ ನಡೆಸಿದ ಯುದ್ಧವು ಸಂಪೂರ್ಣವಾದ ಜಯವನ್ನು ತರಲಿಲ್ಲ. ಗೆಲವು ಒಮ್ಮೆ ಇತ್ತ ಒಮ್ಮೆ ಅತ್ತ ತೂಗಿ ಕೊನೆಗೆ ಸಂಧಿಯಾಯಿತು. ಬಿಲ್ಲನ್ನು ಕೊಳ್ಳಬಹುದು, ಬಿಲ್ಲುಗಾರನನ್ನು ಕರೆತರಬಹುದು; ಬಿಲ್ಲುಗಾರಿಕೆ ಮಾತ್ರ ಕೆಲವೇ ವರ್ಷಗಳಲ್ಲಿ ಕೈಗೆ ಹತ್ತುವುದಲ್ಲ. ಆದರೂ ಆ ಪ್ರಯತ್ನವು ನಿಷ್ಫಲವಾಗಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸನು ಚಿನ್ನ ಬೆಳ್ಳಿಗಳ ತಗಡು ಹೊದಿಸಿದ ಬಿಲ್ಲುಗಳನ್ನೂ ನಯವಾಗಿ ಗರಿಕಟ್ಟಿದ ಬಾಣಗಳನ್ನೂ ಹಿಡಿದ ಬಿಲ್ಲಾಳುಗಳನ್ನು ಮೆಚ್ಚಿ ವರ್ಣಿಸಿದ್ದಾನೆ.

೫

ಕಲಿಯುವವನಿಗೆ ಬೇರೆಯ ಬಿಲ್ಲು ಬೇಕೆಂಬುದು ಕೇವಲ ನಮ್ಮ ಊಹೆಯಲ್ಲ. ಶಾಸ್ತ್ರಗಳೂ ಇದನ್ನು ಹೇಳಿವೆ. ೧೩೬೩ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯ ಧನುರ್ವೇದ ಭಾಗದಲ್ಲಿ ಒಂದು ಸೂಕ್ಷ್ಮವಾದ ವಿಚಾರವಿದೆ. ಬಿಲ್ಲಿನಿಂದ ಪೀಡಿತನಾದವನಿಗೆ ಗುರಿಯು ಕಾಣುವುದಿಲ್ಲ. ಆದುದರಿಂದ ತನ್ನ ಬಲಕ್ಕೆ ತಕ್ಕ ಬಿಲ್ಲೇ ಶುಭಕರ ಎಂಬುದು ಅದರ ಅಭಿಪ್ರಾಯ. ಎಳೆಯ ಬಿದಿರು, ತೀರ ಹಳೆಯದು, ಒಂದಕ್ಕೊಂದು ಉಜ್ಜಿದುದು, ಬೆಂಕಿ ತಗುಲಿದುದು, ತೂತುಬಿದ್ದುದು ಬಿಲ್ಲಿಗೆ ಆಗದೆಂದೂ ಆ 
ಸಂಪ್ರದಾಯವು ಎಚ್ಚರಿಸುತ್ತದೆ. ಇವು ಮಾಡಿ ನೋಡಿದವರ ಮಾತುಗಳು.

ಬೇರೆ ದೇಶಗಳಲ್ಲಿಯೂ ಇದೇ ಕ್ರಮವು ಕಂಡುಬರುತ್ತದೆ. ೧೫೪೫ರಲ್ಲಿ ಮುಳುಗಿ ೧೯೮೨ರಲ್ಲಿ ಮೇಲಕ್ಕೆತ್ತಲ್ಪಟ್ಟ ‘ಮೇರಿ ರೋಸ್’ ಎಂಬ ಇಂಗ್ಲಿಷ್ ಯುದ್ಧನೌಕೆಯ ಅವಶೇಷಗಳಲ್ಲಿ ಸುಮಾರು ೧೭೦ ನೀಳಬಿಲ್ಲುಗಳು ದೊರೆತಿವೆ. ಅವುಗಳನ್ನು ಪೂರ್ತಿ ಸೆಳೆಯಲು ೧೦೦ ಪೌಂಡಿಗೂ ಮಿಗಿಲಾದ ಬಲ ಬೇಕಾಗಿತ್ತೆಂದು ಪರೀಕ್ಷಕರು ಅಂದಾಜು ಮಾಡಿದ್ದಾರೆ. ಅಂತಹ ಬಿಲ್ಲನ್ನು ಸೆಳೆಯುವವರು ಹೇಗೆ ತಯಾರಾದರೆಂಬುದಕ್ಕೆ ಲ್ಯಾಟಿಮರ್ ಎಂಬ ಪಾದ್ರಿಯು ೧೫೪೯ರಲ್ಲಿ ಅರಸನ ಮುಂದೆ ಮಾಡಿದ ಉಪದೇಶವೇ ಸಾಕ್ಷಿ: ತನ್ನ ತಂದೆಯು ತನ್ನ ವಯಸ್ಸಿಗೂ ಬಲಕ್ಕೂ ತಕ್ಕಂತೆ ಬಿಲ್ಲುಗಳನ್ನು ಕೊಡಿಸುತ್ತಿದ್ದನೆಂದೂ ತಾನು ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತೆಂದೂ ಅವನು ಹೇಳಿಕೊಂಡಿದ್ದಾನೆ. ತುರ್ಕಿಯ ಬಿಲ್ಲುಶಾಲೆಗಳಲ್ಲಿಯೂ ಹೊಸಬರಿಗೆಂದೇ ಬಹಳ ಮೆತ್ತನೆಯ ಬಿಲ್ಲು ಇರುತ್ತಿತ್ತು. ಅದರಿಂದ ಬಾಣವನ್ನು ಬಿಡದೆ ಸೆಳೆಯುವ ಅಭ್ಯಾಸವನ್ನು ಮಾತ್ರ ದೀರ್ಘಕಾಲ ಮಾಡಿಸುತ್ತಿದ್ದರು.

ನಮ್ಮಲ್ಲಿ ಅಂತಹ ಬಿಲ್ಲು ಏನಾಯಿತು? ಅದು ನಮ್ಮ ಕಣ್ಣೆದುರಿಗೇ ಇದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಶಾಲೆಗಳ ಕವಾಯತಿನಲ್ಲಿಯೂ ಉತ್ತರ ಕರ್ನಾಟಕದ ಮೆರವಣಿಗೆಗಳಲ್ಲಿಯೂ ಝಣಝಣನೆ ಕುಣಿಸುವ ಲೇಜಿಮನ್ನು ನಾವೆಲ್ಲರೂ ಬಲ್ಲೆವು. ಮರದ ಹಿಡಿ, ಅದರ ಎರಡು ತುದಿಗಳನ್ನು ಕೂಡಿಸುವ ಸರಪಳಿ, ಸರಪಳಿಯಲ್ಲಿ ಪೋಣಿಸಿದ ಲೋಹದ ಬಿಲ್ಲೆಗಳು: ಇದು ಅದರ ಸ್ವರೂಪ. ಲೇಜಿಮ್ ಎಂಬುದು ಪಾರಸಿ ಶಬ್ದ. ೧೮೯೨ರಲ್ಲಿ ಪ್ರಕಟವಾದ ಸ್ಟೈನ್‌ಗಾಸನ ಪಾರಸಿ ನಿಘಂಟು ಅದಕ್ಕೆ, ಹೆದೆಯ ಬದಲು ಕಬ್ಬಿಣದ ಸರಪಳಿಯನ್ನು ಕಟ್ಟಿದ, ವ್ಯಾಯಾಮಕ್ಕಾಗಿ ಬಳಸುವ ಮೆತ್ತನೆಯ ಬಿಲ್ಲು ಎಂಬ ಅರ್ಥವನ್ನು ಕೊಡುತ್ತದೆ. ಎಂದರೆ ಲೇಜಿಮು ಮೂಲದಲ್ಲಿ ಕಲಿಯುವವನ ಬಿಲ್ಲು. ಬಾಣವನ್ನು ಹೂಡದೆ, ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಸರಪಳಿಯನ್ನು ಸೆಳೆದು ಬಿಡುತ್ತ, ಭುಜ ಬೆನ್ನುಗಳನ್ನು ಬಲಪಡಿಸಿಕೊಳ್ಳಲು ಗರಡಿಮನೆಗಳಲ್ಲಿ ಬಳಸಿದ ಸಾಧನವದು. ಬಂದೂಕು ಬಂದು ಯುದ್ಧದ ಬಿಲ್ಲು ಮೂಲೆಗೆ ಸೇರಿದ ಮೇಲೆಯೂ ಕಲಿಕೆಯ ಬಿಲ್ಲು ಸಾಯಲಿಲ್ಲ. ವ್ಯಾಯಾಮವಾಗಿ, ಕುಣಿತವಾಗಿ, ವಾದ್ಯವಾಗಿ ಉಳಿಯಿತು. ಇಮ್ಮಡಿ ದೇವರಾಯನ ಕಾಲದಿಂದಲೇ ಇದು ನಮ್ಮಲ್ಲಿ ಬಳಕೆಗೆ ಬಂದಿತೆಂದು ಸಿದ್ಧಪಡಿಸಲು ಆಧಾರ ಸಾಲದು. ಆದರೆ ದೊಡ್ಡ ಬಿಲ್ಲುಗಳೆಲ್ಲ ಗೆದ್ದಲಿಗೆ ಆಹಾರವಾದ ನಾಡಿನಲ್ಲಿ ಕಲಿಯುವವನ ಬಿಲ್ಲೊಂದೇ ಮಕ್ಕಳ ಕೈಯಲ್ಲಿ ಜೀವಂತವಾಗಿರುವುದು ಚರಿತ್ರೆಯ ವಿದ್ಯಾರ್ಥಿಯು ಮರೆಯಬಾರದ ಸಂಗತಿ.

೬

ಹಳೆಯ ಗ್ರಂಥಗಳ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಅವುಗಳಂತೆ ವಸ್ತುವನ್ನು ಮಾಡಿ ನೋಡುವುದು ಪುರಾತತ್ತ್ವಜ್ಞರು ಈಗ ಒಪ್ಪಿರುವ ಒಂದು ಮಾರ್ಗ. ಅಮೆರಿಕದಲ್ಲಿ ಹಿಕ್‌ಮನ್, ನೇಗ್ಲರ್, ಕ್ಲೊಪ್‌ಸ್ಟೆಗ್ ಎಂಬ ವಿಜ್ಞಾನಿಗಳು ಬಿಲ್ಲಿನ ಬಲ, ಬಾಗು, ಬಾಣದ ವೇಗಗಳನ್ನು ಅಳೆದು ಬರೆದ ಲೇಖನಗಳು ೧೯೪೭ರಲ್ಲಿ ಒಂದು ಗ್ರಂಥವಾಗಿ ಬಂದ ಮೇಲೆ ಬಿಲ್ಲುಗಾರಿಕೆಯು ಲೆಕ್ಕಕ್ಕೂ ಒಳಪಟ್ಟಿತು. ಹೊಸದಾಗಿ ಕಲಿಯುವ ಒಬ್ಬ ಕಾಲೇಜು ವಿದ್ಯಾರ್ಥಿಗೆ ನಮ್ಮ ನಾಡಿನ ಮರಗಳಿಂದ ಪದರದ ನೀಳಬಿಲ್ಲೊಂದನ್ನು ಕಟ್ಟುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಉದ್ದವು ೬೮ ಇಂಚು. ಇದು ಅಗ್ನಿಪುರಾಣದ ಉತ್ತಮ ಮಧ್ಯಮಗಳ ನಡುವಣ ಮಾನ. ಬಿಲ್ಲು ನೀಳವಾದಷ್ಟೂ ಪ್ರತಿಯೊಂದು ಅಂಗುಲವೂ ಕಡಮೆ ಬಾಗುವುದರಿಂದ ಮುರಿಯುವ ಭಯವೂ ಕಡಮೆ. ಕಲಿಯುವವನ ತಪ್ಪುಗಳನ್ನು ಅದು ಸಹಿಸುತ್ತದೆ. ಪೂರ್ತಿ ಸೆಳೆದಾಗ ಭಾರವು ೨೫ ಪೌಂಡನ್ನು, ಎಂದರೆ ಸುಮಾರು ೧೧ ಕಿಲೋಗ್ರಾಮನ್ನು, ಮೀರಬಾರದು. ಬೆನ್ನಿಗೆ ಚೆನ್ನಾಗಿ ಬಲಿತು ನೆರಳಿನಲ್ಲಿ ಒಣಗಿದ ಬಿದಿರಿನ ಸೀಳು. ಬಿದಿರಿನ ಗಟ್ಟಿಯಾದ ನಾರುಗಳೆಲ್ಲ ಹೊರಚರ್ಮದ ಸಮೀಪದಲ್ಲಿ ಒತ್ತಾಗಿರುವುದರಿಂದ ಹೊರಮೈಯನ್ನು ಕೆತ್ತಕೂಡದು. ಒಳಮೈಯನ್ನು ಮಾತ್ರ ಕೀಸುಳಿಯಿಂದ ಸಮಮಾಡಿ ಎಂಟರಲ್ಲಿ ಒಂದು ಇಂಚಿನ ದಪ್ಪಕ್ಕೆ ತರಬೇಕು. ನಡುವಿನ ಪದರಕ್ಕೂ ಹೊಟ್ಟೆಗೂ ತಡಸಲು ಮರವು ಯೋಗ್ಯ. ಗಾಡಿಯ ಮೂಕಿಗೂ ಹತಾರಗಳ ಹಿಡಿಗೂ ನಮ್ಮ ಬಡಗಿಗಳು ಮೆಚ್ಚುವ ಈ ಮರವು ಬಾಗಿ ಮತ್ತೆ ನೆಟ್ಟಗಾಗುವ ಗುಣವುಳ್ಳದ್ದು. ಸಂಸ್ಕೃತದಲ್ಲಿ ಇದಕ್ಕೆ ಧನ್ವನವೆಂದು ಹೆಸರು ಬಂದಿರುವುದು ಅನ್ವರ್ಥವಾಗಿದೆ. ಪಟ್ಟಿಗಳ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತುಂಡಾಗದೆ ಓಡಿರಬೇಕು. ನಡುವೆ ಹಿಡಿಯುವ ಕಡೆ ಒಂದು ಅಡಿ ಉದ್ದದ ಗಟ್ಟಿಮರದ ತುಂಡನ್ನು ಎರಡು ಕಡೆಗೂ ಇಳಿಜಾರಾಗಿ ಕೆತ್ತಿ ಸೇರಿಸಬೇಕು.

ಅಂಟಿಸುವ ಮುಖಗಳನ್ನು ಸ್ವಲ್ಪ ಒರಟುಮಾಡಿ, ಕೈಯ ಜಿಡ್ಡು ತಗುಲದಂತೆ ಒರಸಿ, ಎರಡು ಭಾಗವಾಗಿ ದೊರೆಯುವ ಎಪಾಕ್ಸಿ ಅಂಟನ್ನು ಬೆರಸಿ ಹಚ್ಚಬೇಕು. ಪದರಗಳನ್ನು ನೇರವಾದ ಅಚ್ಚುಮರದ ಮೇಲಿಟ್ಟು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರು ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಸಾಕು. ತೊಗಲಿನ ಅಂಟಿಗೆ ಬೇಕಾಗಿದ್ದ ತಿಂಗಳುಗಳ ಕಾಯುವಿಕೆ ಈಗ ಒಂದು ದಿನಕ್ಕೆ ಇಳಿದಿದೆ. ಈ ಅಂಟು ಮಳೆಗಾಲಕ್ಕೂ ಹೆದರುವುದಿಲ್ಲ. ಬಳಿಕ ನೂಲನ್ನು ಹಿಡಿದು ನಡುಗೆರೆಯನ್ನು ಗುರುತಿಸಿ, ಹಿಡಿಯ ಬಳಿ ಒಂದೂಕಾಲು ಇಂಚು ಅಗಲವಿರುವ ತೋಳುಗಳು ತುದಿಯಲ್ಲಿ ಅರ್ಧ ಇಂಚಿಗೆ ಸಣ್ಣಗಾಗುವಂತೆ ಕೆತ್ತಿ, ಕೊಪ್ಪುಗಳನ್ನು ಅರದಿಂದ ಕೊರೆಯಬೇಕು. ಹಿಡಿಯ ಪಕ್ಕದಲ್ಲಿ ಒಟ್ಟು ದಪ್ಪವು ಸುಮಾರು ಅರ್ಧ ಇಂಚು. ಅದು ತುದಿಯತ್ತ ಕ್ರಮವಾಗಿ ಇಳಿಯಬೇಕು.

ಇನ್ನು ಉಳಿದುದು ಹದಗೊಳಿಸುವ ಕೆಲಸ. ಬಿಲ್ಲೋಜನ ಕಣ್ಣು ಬೇಕಾಗುವುದು ಇಲ್ಲಿಯೇ. ಬಿಲ್ಲಿನ ಹಿಡಿಯನ್ನು ಗೋಡೆಯ ಗೂಟದ ಮೇಲೆ ಭದ್ರವಾಗಿ ನಿಲ್ಲಿಸಿ, ಹೆದೆಯನ್ನು ಸ್ಪ್ರಿಂಗ್ ತಕ್ಕಡಿಯ ಮೂಲಕ ಮೊದಲು ಕೆಲವೇ ಇಂಚುಗಳಷ್ಟು ಕೆಳಗೆ ಸೆಳೆದು, ದೂರ ನಿಂತು ಬಾಗನ್ನು ನೋಡಬೇಕು. ಎಲ್ಲಿ ತೋಳು ಬಿರುಸಾಗಿದೆಯೋ ಅಲ್ಲಿ ಹೊಟ್ಟೆಯ ಕಡೆ ಮಾತ್ರ ತುಸುವೇ ಹೆರೆಯಬೇಕು. ಬೆನ್ನಿನ ಬಿದಿರನ್ನು ಮುಟ್ಟಲಾಗದು. ಪ್ರತಿಸಾರಿ ಹೆರೆದ ಮೇಲೆ ಇಪ್ಪತ್ತು ಮೂವತ್ತು ಬಾರಿ ಮೆಲ್ಲನೆ ಸೆಳೆದು ಬಿಟ್ಟರೆ ಮರವು ಹೊಸ ಬಾಗನ್ನು ಒಪ್ಪಿಕೊಳ್ಳುತ್ತದೆ. ತಕ್ಕಡಿಯು ೨೫ ಪೌಂಡನ್ನು ತೋರಿದಲ್ಲಿ ಸೆಳೆಯುವುದನ್ನು ನಿಲ್ಲಿಸಿ ಮತ್ತೆ ಹೆರೆಯಬೇಕೇ ವಿನಾ ಅದನ್ನು ಮೀರಬಾರದು. ಎರಡು ತೋಳುಗಳೂ ಸಮನಾಗಿ ಬಾಗಿ, ಬೇಕಾದಷ್ಟು ಸೆಳೆತವು ಬಂದಾಗ ಬಿಲ್ಲು ಸಿದ್ಧವಾಯಿತು. ಏರಿಸಿದ ಹೆದೆಗೂ ಹಿಡಿಗೂ ನಡುವೆ ಒಂದು ಮುಷ್ಟಿಯ ಮೇಲೆ ಹೆಬ್ಬೆರಳನ್ನು ನಿಲ್ಲಿಸಿದಷ್ಟು, ಎಂದರೆ ಆರರಿಂದ ಏಳು ಇಂಚು, ಅಂತರವಿರಬೇಕು. ಬಾಣವನ್ನು ಹೂಡದೆ ಸೆಳೆದ ಹೆದೆಯನ್ನು ತಟ್ಟನೆ ಬಿಡುವುದು ಮರದ ಬಿಲ್ಲಿಗೆ ಮಾರಕ, ಹತ್ತಿರ ನಿಂತವರಿಗೂ ಅಪಾಯ. ಲೇಜಿಮಿಗೆ ಹುರಿಯ ಹೆದೆಯಿಲ್ಲದೆ ಸರಪಳಿಯಿರುವುದರ ಔಚಿತ್ಯವು ಇಲ್ಲಿ ಹೊಳೆಯುತ್ತದೆ.

೭

ಈ ಕ್ರಮದಿಂದ ಚರಿತ್ರೆಗೆ ಸಲ್ಲುವ ಪಾಠವೇನು? ಇಡಿಯ ಬಿದಿರಿನ ಬಿಲ್ಲಿನ ಬಲವು ಬಹುಮಟ್ಟಿಗೆ ಆ ಬಿದಿರಿನ ಅದೃಷ್ಟ. ಪದರಬಿಲ್ಲಿನಲ್ಲಾದರೆ ಮಾಡುವವನು ಪದರಗಳ ದಪ್ಪವನ್ನು ಏರಿಸಿ ಇಳಿಸಿ ಬೇಕಾದ ಬಲವನ್ನು ಹತ್ತಿರ ಹತ್ತಿರವಾಗಿ ಮೊದಲೇ ನಿಶ್ಚಯಿಸಬಲ್ಲನು. ಇಂದು ಇಪ್ಪತ್ತೈದು ಪೌಂಡು, ಆರು ತಿಂಗಳ ಮೇಲೆ ಮೂವತ್ತು, ಮುಂದೆ ಮೂವತ್ತೈದು ಎಂದು ಬಿಲ್ಲುಗಳ ಶ್ರೇಣಿಯನ್ನು ಕಟ್ಟಬಲ್ಲನು. ಪದರಬಿಲ್ಲಿನ ಮಹತ್ವವನ್ನು ಅದು ಬಾಣವನ್ನು ಎಷ್ಟು ದೂರ ಎಸೆಯುತ್ತದೆ ಎಂಬುದರಿಂದ ಅಳೆಯುವುದು ವಾಡಿಕೆ. ಅದು ಕಲಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸಲು ಸಾಧ್ಯಮಾಡಿತೆಂಬುದೂ ಅಷ್ಟೇ ಮಹತ್ವದ ವಿಷಯವೆಂದು ನಾವು ಭಾವಿಸುತ್ತೇವೆ. ಇಮ್ಮಡಿ ದೇವರಾಯನು ಹೊರಗಿನಿಂದ ಬಯಸಿ ತಂದುದು ಆಯುಧವನ್ನಷ್ಟೇ ಅಲ್ಲ, ಒಂದು ಶಿಕ್ಷಣಕ್ರಮವನ್ನು.

ಈ ವಿಷಯದಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಕೊಳ್ಳಬಹುದಾದ ಕೆಲಸವೊಂದಿದೆ. ಬೆಂಗಳೂರಿನ ಸುತ್ತ ಬಿಲ್ಲು ಹಿಡಿದ ವೀರರ ಕಲ್ಲುಗಳಿಗೆ ಕೊರತೆಯಿಲ್ಲ. ರೈಸರು ೧೯೦೫ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಎಪಿಗ್ರಾಫಿಯ ಕರ್ನಾಟಿಕ ಸಂಪುಟವು ಶಾಸನಗಳ ಸಂಗ್ರಹವಾದುದರಿಂದ, ಬರಹವಿಲ್ಲದ ವೀರಗಲ್ಲುಗಳಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಜಾಲ, ಯಲಹಂಕ, ಹೆಸರಘಟ್ಟಗಳ ಸೀಮೆಯಲ್ಲಿ ತಿರುಗಿ, ಪ್ರತಿಯೊಂದು ಕಲ್ಲಿನಲ್ಲಿಯೂ ವೀರನ ಎತ್ತರವೆಷ್ಟು, ಬಿಲ್ಲಿನ ಉದ್ದವೆಷ್ಟು, ಅದರ ತುದಿಗಳು ನೇರವೋ ಮುಂದಕ್ಕೆ ಬಾಗಿವೆಯೋ ಎಂಬ ಮೂರು ಸಂಗತಿಗಳನ್ನು ಗುರುತಿಸಿಕೊಳ್ಳಬೇಕು. ಶಿಲ್ಪಿಯು ಸಂಪ್ರದಾಯಕ್ಕೆ ಕಟ್ಟುಬಿದ್ದು, ಇಲ್ಲವೆ ಕಲ್ಲಿನ ಅಗಲಕ್ಕೆ ಹೊಂದಿಸಲು, ಅಳತೆಯನ್ನು ಬದಲಿಸಿರಬಹುದು. ಆದರೆ ನೂರು ಕಲ್ಲುಗಳ ಅಳತೆ ಒಂದೆಡೆ ಸೇರಿದರೆ ಒಬ್ಬ ಶಿಲ್ಪಿಯ ಸ್ವಾತಂತ್ರ್ಯವು ಅದರಲ್ಲಿ ಕರಗಿ ಕಾಲಕಾಲದ ರೂಢಿಯು ಎದ್ದು ಕಾಣುತ್ತದೆ. ನೀಳವಾದ ಬಿದಿರಬಿಲ್ಲಿನ ಪಕ್ಕದಲ್ಲಿ ಗಿಡ್ಡವಾದ ಪದರಬಿಲ್ಲು ಯಾವ ಶತಮಾನದಲ್ಲಿ ತಲೆದೋರಿತೆಂಬುದಕ್ಕೆ ಫೆರಿಸ್ತನ ಕಥೆಗಿಂತ ಗಟ್ಟಿಯಾದ ಉತ್ತರವು ಆಗ ನಮಗೆ ದೊರೆಯಬಹುದು.

ಈ ಕಾರ್ಯಕ್ಕೆ ಹೆಚ್ಚಿನ ಹಣವೂ ಬೇಡ, ಯಂತ್ರವೂ ಬೇಡ. ಅಳತೆಯ ಪಟ್ಟಿಯೊಂದು, ಚಿತ್ರ ತೆಗೆಯುವ ಸಾಧನವೊಂದು ಇದ್ದರಾಯಿತು. ಬೇಕಾದುದು ಕಾಲಕ್ಕೆ ಸರಿಯಾಗಿ ಹೊರಡುವ ಮನಸ್ಸು. ಬಳ್ಳಾರಿ ರಸ್ತೆಯ ಎರಡು ಮಗ್ಗುಲಲ್ಲಿಯೂ ಹೊಲಗಳು ಮನೆಗಳಾಗುತ್ತಿವೆ, ಕೆರೆಯ ಏರಿಗಳು ದಾರಿಗಳಾಗುತ್ತಿವೆ. ಸಂರಕ್ಷಿತ ಪಟ್ಟಿಯಲ್ಲಿ ಹೆಸರಿರುವ ಸಮಾಧಿಗಳಿಗೆ ಕಾನೂನಿನ ಬೇಲಿಯಾದರೂ ಉಂಟು. ಹೊಲದ ಬದುವಿನಲ್ಲಿ ಒರಗಿರುವ ವೀರಗಲ್ಲಿಗೆ ಅದೂ ಇಲ್ಲ. ಮರದ ಬಿಲ್ಲನ್ನು ಗೆದ್ದಲಿಗೆ ಬಿಟ್ಟುಕೊಟ್ಟ ನಾವು ಕಲ್ಲಿನ ಬಿಲ್ಲನ್ನಾದರೂ ಅಳೆದಿಡೋಣ.